ಹನ್ನೆರಡು ಎಣಿಸುವ ತನಕ

ಹೊಸ ಜಾಗಕ್ಕೆ ಕಾಲಿಟ್ಟರೆ ನಾನು ಮೊದಲು ಮಾಡುವ ಕೆಲಸ ಒಂದು ಚಪ್ಪಾಳೆ ತಟ್ಟುವುದು. ಒಂದೇ ಒಂದು. ತಟ್ಟಿ, ಆ ಸದ್ದು ಗೋಡೆಯಿಂದ ಗೋಡೆಗೆ ಹಾಯ್ದು ಪೂರ್ತಿ ಸಾಯುವ ತನಕ ಬೆರಳು ಮಡಚುತ್ತ ಎಣಿಸುತ್ತೇನೆ. ಈ ಚಟದಿಂದ ನನಗಾದ ಮುಜುಗರ ಅಷ್ಟಿಷ್ಟಲ್ಲ. ಮದುವೆಯ ಛತ್ರದಲ್ಲಿ ತಟ್ಟಿದರೆ ಅಡುಗೆಯವರು ತಮ್ಮನ್ನೇ ಕರೆದರೆಂದು ಇಣುಕಿ ನೋಡುತ್ತಾರೆ. ಒಮ್ಮೆ ಶ್ರದ್ಧಾಂಜಲಿ ಸಭೆಯೊಂದರಲ್ಲಿ ಮೌನಾಚರಣೆ ಮುಗಿದದ್ದೇ ಮೈಮರೆತು ತಟ್ಟಿಬಿಟ್ಟೆ. ತೀರಿಕೊಂಡವರ ತಮ್ಮ ಇವತ್ತಿಗೂ ನನ್ನನ್ನು ಮಾತನಾಡಿಸುವುದಿಲ್ಲ. ಆದರೂ ಚಟ ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ಚಪ್ಪಾಳೆ ತಟ್ಟುವುದು ನನಗೆ ಮೊದಲೇ ಗೊತ್ತಿತ್ತು. ತಟ್ಟಿದ ಮೇಲೆ ಕಾಯುವುದನ್ನು ಕಲಿಸಿದವರು ಇಬ್ಬರು, ಅವರನ್ನು ನೆನೆಯದೆ ನನ್ನ ಕೆಲಸದ ದಿನ ಶುರುವಾಗುವುದಿಲ್ಲ.

ಆಗ ನಮ್ಮ ಊರಿನ ಪಾತ್ರೆ ಅಂಗಡಿಯ ಮಹಡಿಯಲ್ಲಿ ನನ್ನದೊಂದು ಧ್ವನಿಮುದ್ರಣದ ಕೋಣೆ ಇತ್ತು. ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ಕಂಬಳಿ, ಬಾಗಿಲಿಗೆ ಎರಡು ಪದರ ಗಾದಿ. ಕೆಳಗೆ ಕೊಡಪಾನ ಉರುಳಿದ ಸದ್ದು ಮೇಲೆ ಬರಬಾರದೆಂದು ಮಾಡಿದ ಏರ್ಪಾಡು ಅದು. ಅಂಥ ಕೋಣೆಯಲ್ಲಿ ಯಾರು ಏನು ನುಡಿಸಿದರೂ ಹಿಂದಿನ ದಿನದ ರೊಟ್ಟಿಯ ಹಾಗೆ ಒಣಗಿಕೊಂಡೇ ಬರುತ್ತದೆ. ಅದಕ್ಕೆ ಮೆತ್ತಗೆ ಜೀವ ಬರಿಸಲು ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ದೊಡ್ಡದೊಂದು ಜಾಗಕ್ಕೆ ಹೋಗಿ ಬಲೂನು ಒಡೆಯಬೇಕು, ಇಲ್ಲವೆ ಚಪ್ಪಾಳೆ ತಟ್ಟಬೇಕು. ಆ ಸದ್ದು ಹುಟ್ಟಿದ ಗಳಿಗೆಯಿಂದ ಅದರ ಕೊನೆಯ ಮಾರ್ದನಿ ಅಡಗುವವರೆಗೆ ಮುದ್ರಿಸಿಕೊಳ್ಳಬೇಕು. ಅದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಅನ್ನುತ್ತಾರೆ. ನಾನು ಜಾಗದ ಅಚ್ಚು ಅನ್ನುತ್ತೇನೆ. ಕೋಣೆಯಲ್ಲಿ ನುಡಿಸಿದ ಒಣ ವಾದ್ಯದ ಮೇಲೆ ಕಂಪ್ಯೂಟರಿನಲ್ಲಿ ಆ ಅಚ್ಚು ಒತ್ತಿದರೆ, ವಾದ್ಯ ಆ ಜಾಗದಲ್ಲೇ ನುಡಿದಂತೆ ಕೇಳುತ್ತದೆ.

ಒಳ್ಳೆಯ ಅಚ್ಚು ಹುಡುಕುವುದು ನನಗೆ ಕೆಲಸವಾಗಿರದೆ ಹುಚ್ಚಾಗಿತ್ತು. ಹತ್ತಿ ಗೋದಾಮು, ಆಟ ಶುರುವಾಗುವ ಮುಂಚಿನ ಸಿನಿಮಾ ಮಂದಿರ, ಶಾಲೆಯ ಉದ್ದನೆಯ ಪಡಸಾಲೆ, ಯಾವುದನ್ನೂ ಬಿಟ್ಟಿರಲಿಲ್ಲ. ಚೀಲದಲ್ಲಿ ಸದಾ ಬಲೂನು ಇರುತ್ತಿತ್ತು. ಹೊರದೇಶದ ಗುಡಿ ಗೋಪುರಗಳ, ಗುಹೆಗಳ ಅಚ್ಚುಗಳನ್ನೂ ಕೂಡಿಹಾಕಿಕೊಂಡಿದ್ದೆ. ಒಟ್ಟು ಇನ್ನೂರ ಹನ್ನೆರಡು. ಯಾರೂ ಕೇಳದಿದ್ದರೂ ಆ ಸಂಖ್ಯೆ ಹೇಳುತ್ತಿದ್ದೆ. ಅಷ್ಟು ಜಂಬ ಇತ್ತು ನನಗೆ.

ಒಂದು ಶುಕ್ರವಾರ ಬೆಳಿಗ್ಗೆ ಗದಿಗೆಪ್ಪನವರು ಮೆಟ್ಟಿಲು ಹತ್ತಿ ಬಂದರು. ಪ್ರತಿ ಮೆಟ್ಟಿಲಿಗೂ ಮೊಣಕಾಲು ಹಿಡಿದುಕೊಂಡು ನಿಂತು ಬಂದರು. ಊರಿನ ನೀರಿನ ಟ್ಯಾಂಕಿನ ಹತ್ತಿರ ಮೂವತ್ತೊಂದು ವರ್ಷ ವಾಲ್ವ್ ತಿರುಗಿಸಿ ನಿವೃತ್ತರಾದವರು. ಸಂಜೆ ಹೊತ್ತು ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ನನ್ನ ಮದುವೆಯಲ್ಲೂ ಅವರೇ ಊದಿದ್ದು.

"ಅಕ್ಕಾರ, ಸೋಮವಾರ ನನ್ನ ಹಲ್ಲು ಕೀಳ್ತಾರ," ಎಂದರು ಕುರ್ಚಿಯಲ್ಲಿ ಕೂತು. "ಮ್ಯಾಲಿನ ನಾಕು, ಮುಂದಿನವು. ಅದರೊಳಗ ಒಂದು ಧಾಟಿ ಹಿಡದು ಇಡಬೇಕಾಗೇತಿ."

ಕ್ಲಾರಿನೆಟ್ಟಿನ ಮೂತಿ ಮೇಲಿನ ಮುಂಹಲ್ಲಿನ ಆಧಾರದ ಮೇಲೆ ನಿಲ್ಲುತ್ತದೆ. ಅವರ ಹಲ್ಲುಗಳು ಆಗಲೇ ಮಾತಾಡುವಾಗ ಅಲ್ಲಾಡುವುದು ಕಾಣುತ್ತಿತ್ತು.

"ಕಟ್ಟಿಸಿದ ಹಲ್ಲು ಹಾಕ್ಕೊಂಡು ಊದಾಕ ಬರೂದಿಲ್ಲೇನ್ರಿ?" ಎಂದು ಕೇಳಿದೆ.

"ಉಪ್ಪಿಟ್ಟು ತಿನ್ನಾಕ ಬರತೈತ್ರಿ. ನಮ್ಮ ಬ್ಯಾಂಡಿನ್ಯಾಗ ಇಬ್ಬರನ್ನ ನೋಡೇನಿ. ಬಾಯಾಗ ಹಲ್ಲು ನಿಂತವು, ಸ್ವರ ನಿಂದರಲಿಲ್ಲ."

"ಯಾವ ಹಾಡು ಊದ್ತೀರಿ?"

ಅವರು ಸ್ವಲ್ಪ ನಾಚಿದರು. "ಹಾಡಲ್ರಿ. ನಂದಽ ಐತಿ ಅದು. ನಲವತ್ತು ವರ್ಷ ಮಂದಿ ಮದಿವ್ಯಾಗ ಮಂದಿ ಹಾಡು ಊದೇನಿ. ಇದೊಂದು ನಾನಽ ಕಟ್ಟಿದ್ದು. ಹೆಸರಿಲ್ಲ, ಏನಿಲ್ಲ. ಹೊರಗ ಎಲ್ಲೂ ಊದಿಲ್ಲ."

ಒಳಗೆ ಕೂಡಿಸಿ ಮೈಕು ಸರಿಮಾಡಿದೆ. ಅವರು ಒಂದು ಸ್ವರ ಊದಿ ನಿಲ್ಲಿಸಿ ಸುತ್ತಲಿನ ಸ್ಪಂಜನ್ನು ನೋಡಿದರು. "ಇಲ್ಲಿ ದನಿ ಹೊಳ್ಳಿ ಬರಂಗಿಲ್ಲಲ್ರಿ," ಎಂದರು. "ಬಿಟ್ಟಿದ್ದು ಬಿಟ್ಟಲ್ಲೇ ಹೋಗತೈತಿ."

"ಚಿಂತಿ ಮಾಡಬ್ಯಾಡ್ರಿ. ಆಮ್ಯಾಲೆ ನಾ ಬರಸ್ತೀನಿ. ಇನ್ನೂರ ಹನ್ನೆರಡು ಅದಾವ ನನ್ನ ಹತ್ರ," ಎಂದೆ.

ಏನು ಇನ್ನೂರ ಹನ್ನೆರಡು ಎಂದು ಅವರು ಕೇಳಲಿಲ್ಲ. ಕಣ್ಣು ಮುಚ್ಚಿ ಊದತೊಡಗಿದರು. ಮೆರವಣಿಗೆಯ ಗದ್ದಲದಲ್ಲಿ ಗಂಟಲು ಹರಿದುಕೊಂಡು ಕೂಗುತ್ತಿದ್ದ ಅದೇ ವಾದ್ಯ ಇಷ್ಟು ಮೆಲ್ಲಗೆ ಮಾತಾಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಒಂದು ಸಣ್ಣ ಸಾಲು ಊದುವರು, ನಿಲ್ಲುವರು. ಮತ್ತೊಂದು ಸಾಲು, ಮತ್ತೆ ನಿಲ್ಲುವರು. ಹೀಗೆ ಹತ್ತೊಂಬತ್ತು ಸಾಲು. ನಡುನಡುವೆ ಎಷ್ಟೋ ಹೊತ್ತು ಸುಮ್ಮನೆ ಕೂತುಬಿಡುತ್ತಿದ್ದರು. ಆಗೆಲ್ಲ ಅವರ ಎದೆ ಏರಿಳಿಯುವುದು ನಡುವಿನ ಗಾಜಿನ ಈಚೆಯಿಂದ ಕಾಣುತ್ತಿತ್ತು. ವಯಸ್ಸಾದವರು, ಉಸಿರು ಸಾಲುತ್ತಿಲ್ಲ ಪಾಪ ಎಂದುಕೊಂಡೆ. ಮುಗಿದಾಗ ನನ್ನ ಕಣ್ಣು ಒದ್ದೆಯಾಗಿದ್ದವು, ಅದು ನಿಜ. ಆದರೆ ಅವು ಒದ್ದೆಯಾದದ್ದು ತಪ್ಪು ಕಾರಣಕ್ಕೆ.

ಅವರು ಹೋದ ಮೇಲೆ ನಾನು ಅವರಿಗೊಂದು ಉಪಕಾರ ಮಾಡಿದೆ. ಸಾಲಿನಿಂದ ಸಾಲಿಗೆ ನಡುವಿದ್ದ ಆ ಖಾಲಿ ಹೊತ್ತನ್ನೆಲ್ಲ ಕತ್ತರಿಸಿ ತೆಗೆದೆ. ಸಾಲುಗಳನ್ನು ಒಂದಕ್ಕೊಂದು ಒತ್ತಾಗಿ ಜೋಡಿಸಿದೆ, ಎಲ್ಲೂ ಬೆಸುಗೆ ಕಾಣದ ಹಾಗೆ. ಕೇಳಿದವರು ಯಾರೂ ಇದು ಹಲ್ಲು ಅಲ್ಲಾಡುವ ಮುದುಕರ ಉಸಿರು ಅನ್ನಬಾರದು, ಮೂವತ್ತರ ಹರೆಯದವರು ಒಂದೇ ದಮ್ಮಿನಲ್ಲಿ ಊದಿದರು ಅನ್ನಬೇಕು. ಹನ್ನೊಂದು ನಿಮಿಷದ್ದು ನಾಲ್ಕೂವರೆ ನಿಮಿಷಕ್ಕೆ ಬಂತು. ಮೂಲವನ್ನು ಅಳಿಸಿಹಾಕಿದೆ. ಕೆಲಸ ಮುಗಿದ ಮೇಲೆ ಕಸ ಇಟ್ಟುಕೊಳ್ಳುವವಳಲ್ಲ ನಾನು ಎಂದು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಮರುದಿನ ಶನಿವಾರ ಅವರು ಕೇಳಲು ಬಂದರು. ನಾನು ನನ್ನ ಸಂಗ್ರಹದ ಅಚ್ಚುಗಳನ್ನು ಒಂದೊಂದಾಗಿ ಒತ್ತಿ ಕೇಳಿಸಿದೆ. ಅಮೃತಶಿಲೆಯ ಗುಮ್ಮಟ ಕೇಳಿಸಿದೆ. "ದೊಡ್ಡವರ ಮನಿ ಐತ್ರಿ," ಎಂದರು. ಗುಹೆ ಕೇಳಿಸಿದೆ. "ತಂಡಿ ಅನಸ್ತೈತಿ." ಸಿನಿಮಾ ಮಂದಿರಕ್ಕೆ, "ಇದು ನಮ್ಮ ಟಾಕೀಜಲ್ಲೇನು!" ಎಂದು ಖುಷಿಪಟ್ಟರು, ಆದರೆ ತಲೆ ಅಡ್ಡಡ್ಡ ಆಡಿಸಿದರು. ಹದಿನೇಳನೆಯದೋ ಹದಿನೆಂಟನೆಯದೋ ಆದ ಮೇಲೆ ಅವರು ಕೇಳುವುದನ್ನೇ ನಿಲ್ಲಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತರು. ಸಾಲುಗಳು ಓಡೋಡಿ ಬರುವಾಗ ಅವರ ಮುಖ ಸಣ್ಣದಾಗುವುದನ್ನು ನಾನು ಕಂಡೆ. ಕಂಡೂ, ಇವರಿಗೆ ಮಾರ್ದನಿ ಹಿಡಿಸಿಲ್ಲ ಎಂದಷ್ಟೇ ತಿಳಿದೆ.

"ನಿಮಗ ಎಂಥಾ ಜಾಗ ಬೇಕ್ರಿ?" ಎಂದು ಕೊನೆಗೆ ಸ್ವಲ್ಪ ಸಿಡುಕಿನಿಂದಲೇ ಕೇಳಿದೆ.

ಆಗ ಅವರು ಹೇಳಿದರು. ಊರಿನ ಎತ್ತರದ ಟ್ಯಾಂಕನ್ನು ವರ್ಷಕ್ಕೊಮ್ಮೆ ಖಾಲಿ ಮಾಡಿ ತೊಳೆಯುತ್ತಾರೆ. ಹೆಂಗಸರು ಒಳಗಿಳಿದು ಉಜ್ಜುತ್ತಾರೆ. ತೊಳೆದು ಮುಗಿದು, ನೀರು ಬಿಡುವ ಮುಂಚೆ ಒಂದರ್ಧ ತಾಸು ಬಿಡುವು. ಆ ಅರ್ಧ ತಾಸು ಗದಿಗೆಪ್ಪನವರು ಒಳಗೆ ನಿಂತು ಊದುತ್ತಿದ್ದರು. ವರ್ಷಕ್ಕೆ ಒಂದು ಸಾಲಿನ ಹಾಗೆ, ಕೆಲವು ವರ್ಷ ಅದೂ ಹುಟ್ಟದೆ, ಆ ಧಾಟಿ ಅಲ್ಲೇ ಬೆಳೆದಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಏಣಿ ಹತ್ತಿರಲಿಲ್ಲ.

"ಬುಧವಾರ ತೊಳೀತಾರಂತ," ಎಂದರು ಏಳುತ್ತ. "ಇರಲಿ ಬಿಡ್ರಿ. ನೀವು ಭಾಳ ತ್ರಾಸ ತಗೊಂಡ್ರಿ. ಇದಽ ಚಲೋ ಐತಿ."

ಚಲೋ ಐತಿ ಎಂದವರು ನಾನು ಕೊಟ್ಟ ಪ್ರತಿಯನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದರು. ಮರೆತದ್ದಲ್ಲ ಎಂದು ಅರ್ಥವಾಗಲು ಜಾಣತನ ಬೇಕಿರಲಿಲ್ಲ. ಸೋಮವಾರ ಅವರ ಹಲ್ಲು ಕಿತ್ತರು.

ಬುಧವಾರ ನಾನು ಟ್ಯಾಂಕು ಹತ್ತಿದೆ. ತೊಂಬತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ. ಕೆಳಗೆ ನೋಡಬೇಡಿ ಎಂದು ಕಾವಲಿನವನು ಹೇಳಿದ, ಅದಕ್ಕೇ ನೋಡಿದೆ, ಅರ್ಧ ದಾರಿಯಲ್ಲಿ ಐದು ನಿಮಿಷ ಕಂಬಿ ತಬ್ಬಿಕೊಂಡು ನಿಂತೆ. ಮೇಲಿನ ಕಿಂಡಿಯಿಂದ ಒಳಗಿಳಿದರೆ ದುಂಡನೆಯ ಕಾಂಕ್ರೀಟಿನ ದೊಡ್ಡ ಕೋಣೆ, ಕಿಂಡಿಯಿಂದ ಬೀಳುವ ಬೆಳಕು ಬಿಟ್ಟರೆ ಮಬ್ಬು. ಆರು ಜನ ಹೆಂಗಸರು ಸೀರೆ ಎತ್ತಿಕಟ್ಟಿ ಗೋಡೆ ಉಜ್ಜುತ್ತಿದ್ದರು. ಅವರಿಗೆ ಹಿರಿಯಳು ಶಾವಂತ್ರವ್ವ. ತೆಳ್ಳನೆಯ ಮೈ, ಅದಕ್ಕೆ ಹೊಂದದ ದೊಡ್ಡ ಕೈ. ನಲವತ್ತು ವರ್ಷದಿಂದ ಊರಿನವರು ಕುಡಿಯುವ ನೀರಿನ ತಳ ತೊಳೆದವಳು.

ನಾನು ಯಂತ್ರ ಜೋಡಿಸಿ, ಚೀಲದಿಂದ ಬಲೂನು ತೆಗೆದು ಊದತೊಡಗಿದೆ.

"ಇವತ್ತ ಯಾರದ ಹುಟ್ಟಿದಹಬ್ಬ ಐತವಾ?" ಎಂದಳು ಶಾವಂತ್ರವ್ವ. ಎಲ್ಲರೂ ನಕ್ಕರು. ಆ ನಗು ಟ್ಯಾಂಕು ಸುತ್ತಿ ಬಂದು ಮತ್ತೆ ನಮ್ಮ ಮೇಲೇ ಬಿತ್ತು. ಎಂಥ ಮಾರ್ದನಿ! ನನ್ನ ಇನ್ನೂರ ಹನ್ನೆರಡರಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಮೊದಲ ಬಲೂನು ಒಡೆದಾಗ ಒಬ್ಬಳು ಚೀರಿದಳು. ಎರಡನೆಯದಕ್ಕೆ ಬಳೆ ಸದ್ದು. ಮೂರನೆಯದಕ್ಕೆ ಎಲ್ಲರೂ ಉಸಿರು ಹಿಡಿದು ನಿಂತರು, ಆದರೆ ಕೊಳವೆಯಿಂದ ನೀರು ತೊಟಕ್ ತೊಟಕ್ ಎಂದಿತು. ನನಗೆ ಬೆವರು ಕಿತ್ತುಬಂತು.

"ನಿಂದು ಆತೇನವಾ? ನಂದೊಂದು ಕೆಲಸ ಉಳದೈತಿ," ಎಂದು ಶಾವಂತ್ರವ್ವ ನಡುವೆ ಬಂದು ನಿಂತಳು. ಉಳಿದವರು ಹೇಳಿಸಿಕೊಳ್ಳದೆಯೇ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಗೋಡೆಗೆ ಒರಗಿದರು. ಒಬ್ಬಳು ಕೊಳವೆಯ ಬಾಯಿಗೆ ಅರಿವೆ ತುರುಕಿದಳು. ಶಾವಂತ್ರವ್ವ ಆ ದೊಡ್ಡ ಕೈಗಳನ್ನು ಎತ್ತಿ ಒಂದು ಚಪ್ಪಾಳೆ ತಟ್ಟಿದಳು. ತಟ್ಟಿ, ಬೆರಳು ಮಡಚುತ್ತ ಎಣಿಸಿದಳು.

"ಒಂಬತ್ತಕ್ಕ ಸತ್ತಿತು," ಎಂದಳು. "ಎಲ್ಲೋ ರಾಡಿ ಉಳದೈತಿ, ನೋಡ್ರಿ. ಕೊಳವಿ ಹಿಂದ ನೋಡ್ರಿ."

ಕೊಳವೆಯ ಹಿಂದೆ ನಿಜಕ್ಕೂ ಮೊಣಕೈಯುದ್ದ ಕೆಸರು ಕೂತಿತ್ತು. ಅದನ್ನು ಬಾಚಿ ತೊಳೆದರು. ಮತ್ತೆ ಬಳೆ ಏರಿಸಿ ನಿಂತರು. ಮತ್ತೆ ಒಂದು ಚಪ್ಪಾಳೆ. ಈ ಸಲ ಅದು ಸಾಯಲೊಲ್ಲದು. ಗೋಡೆ ಹಿಡಿದು ಮೇಲೇರಿ, ನೆತ್ತಿಯಲ್ಲಿ ಸುತ್ತಿ, ಸಣ್ಣದಾಗುತ್ತ ಸಣ್ಣದಾಗುತ್ತ ಹೋಯಿತು. ಶಾವಂತ್ರವ್ವ ಹನ್ನೆರಡನೆಯ ಎಣಿಕೆಗೆ ನಿಂತಳು.

"ಆತು. ಮುಚ್ಚಳಾ ಹಾಕ್ರಿ."

ಅದು ಅವರ ಕಟ್ಟಳೆ. ಹನ್ನೆರಡು ಎಣಿಸುವ ತನಕ ಸದ್ದು ಬದುಕಿದರೆ ಟ್ಯಾಂಕು ಸ್ವಚ್ಛ. ನನ್ನ ಯಂತ್ರ ಓಡುತ್ತಲೇ ಇತ್ತು. ಚಪ್ಪಾಳೆಯ ಅಚ್ಚಿನಲ್ಲಿ ಕೆಳದನಿ ತುಂಬಿ ಬರುವುದಿಲ್ಲ, ಬಲೂನೇ ಮೇಲು ಎಂದು ಪುಸ್ತಕಗಳಲ್ಲಿ ಓದಿದ್ದೆ. ಪುಸ್ತಕ ಬರೆದವರು ಶಾವಂತ್ರವ್ವನ ಕೈ ನೋಡಿರಲಿಲ್ಲ. ನಾನು ಹುಡುಕುತ್ತಿದ್ದ ಅಚ್ಚು ಸಿಕ್ಕಿತ್ತು, ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.

ಆ ಸಂತೋಷ ಎರಡು ನಿಮಿಷ ಇತ್ತು.

"ಈಗ ಗದಿಗೆಪ್ಪಣ್ಣ ಇದ್ದಿದ್ದರ ಊದತಿದ್ದ," ಎಂದಳು ಶಾವಂತ್ರವ್ವ, ಸೀರೆ ಹಿಂಡುತ್ತ. "ಹಿಂಗ ಬರತಿತ್ತು ನೋಡು ಅದು."

ಅವಳು ಬಾಯಿ ಮುಚ್ಚಿಕೊಂಡೇ ಮೊದಲ ಸಾಲು ಗುನುಗಿದಳು. ಗುನುಗಿ ನಿಂತಳು. ಕೈ ಎತ್ತಿ ನನಗೂ ತಡೆ ಎಂದು ಸನ್ನೆ ಮಾಡಿದಳು. ಸಾಲು ಟ್ಯಾಂಕು ಸುತ್ತಿ, ತಲೆಯ ಮೇಲೆ ಬಂದು, ಇಳಿಯತೊಡಗಿತು. ಅದು ಇನ್ನೇನು ಅಡಗಬೇಕು ಅನ್ನುವಾಗ ಅವಳು ಎರಡನೆಯ ಸಾಲು ಶುರುಮಾಡಿದಳು. ಹಳೆಯ ಸಾಲಿನ ಬಾಲದ ಮೇಲೆ ಹೊಸ ಸಾಲು ಕಾಲಿಟ್ಟಿತು. ಒಬ್ಬಳೇ ಗುನುಗುತ್ತಿದ್ದಳು, ಇಬ್ಬರು ಮಾತಾಡಿಕೊಂಡ ಹಾಗಿತ್ತು.

"ಅಂವಾ ಊದೂದಕ್ಕಿಂತ ಕೇಳೂದಽ ಹೆಚ್ಚು," ಎಂದಳು ಅವಳು. "ದನಿ ಹೊಳ್ಳಿ ಬರೂತನ ಕಾಯಾಂವ. ನಮಗೂ ಉಸರು ಬಿಡಾಕ ಕೊಡತಿದ್ದಿಲ್ಲ."

ನಾನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ನಾನು ಕತ್ತರಿಸಿ ಎಸೆದದ್ದು ಉಸಿರು ಸಾಲದ ಹೊತ್ತಲ್ಲ. ಅವರು ಆ ಸತ್ತ ಕೋಣೆಯಲ್ಲಿ ಕಣ್ಣು ಮುಚ್ಚಿ, ಬಾರದ ಮಾರ್ದನಿಯನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತ ಕಾದಿದ್ದರು. ಹಾಡಿನ ಅರ್ಧ ಅವರು ಊದಿದ್ದು, ಇನ್ನರ್ಧ ಆ ಕಾಯುವಿಕೆ. ನಾನು ಅರ್ಧ ಹಾಡನ್ನು ಕಸವೆಂದು ಗುಡಿಸಿದ್ದೆ. ಮತ್ತೊಮ್ಮೆ ಊದಿಸೋಣವೆಂದರೆ ಹಲ್ಲು ಹೋಗಿ ಎರಡು ದಿನವಾಗಿತ್ತು.

ಏಣಿ ಹೇಗೆ ಇಳಿದೆನೋ ನೆನಪಿಲ್ಲ. ಸೀರೆಯ ನೀರು ಇಳಿಯುತ್ತಿರುವ ಹಾಗೆಯೇ ನೇರ ಗದಿಗೆಪ್ಪನವರ ಮನೆಗೆ ಹೋದೆ. ಅವರು ಅಂಗಳದ ಮಂಚದ ಮೇಲೆ ಕೂತು ತಣ್ಣನೆಯ ಅಂಬಲಿ ಕುಡಿಯುತ್ತಿದ್ದರು. ತುಟಿ ಒಳಕ್ಕೆ ಹೋಗಿ ಮುಖವೇ ಬೇರೆ ಆಗಿತ್ತು. ನಿಂತಲ್ಲೇ ಎಲ್ಲ ಒದರಿದೆ. ಕತ್ತರಿಸಿದ್ದು, ಜೋಡಿಸಿದ್ದು, ಮೂಲ ಅಳಿಸಿದ್ದು. ಬಯ್ಯಿರಿ ಎಂದೆ. ಅತ್ತುಬಿಟ್ಟೆ.

ಅವರು ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. "ಹಂಗಾರ ನಾ ಅವಸರ ಮಾಡಿದ್ದಿಲ್ಲೇನು?"

"ಏನ್ರಿ?"

"ಅವತ್ತ ಕೇಳಿದಾಗ ಧಾಟಿ ಓಡಾಕತ್ತಿತ್ತು. ನಾನಽ ಅಂಜಿ ಓಡಿಸೇನಿ ಅಂತ ತಿಳಕೊಂಡೆ. ಹಲ್ಲಿನ ಚಿಂತ್ಯಾಗ ಕೆಡಿಸಿಬಿಟ್ಟೆ, ಇಷ್ಟು ವರ್ಷದ್ದು ಒಂದಽ ಸಲಕ್ಕ ಹಾಳ ಮಾಡಿದೆ ಅಂತ..." ಆಮೇಲೆ ಮುಂಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ನಾ ಕಾದಿದ್ದೆ ಹೌದಲ್ರಿ? ಸರಿಯಾಗಿ ಕಾದಿದ್ದೆ?"

"ಹನ್ನೊಂದು ನಿಮಿಷ ಇತ್ರಿ," ಎಂದೆ.

"ಹನ್ನೊಂದು! ಹಂಗಾರ ಸರಿ ಐತಿ." ಅಲ್ಲಿಯವರೆಗೆ ಅಕ್ಕಾರ ಅನ್ನುತ್ತಿದ್ದವರು ನನ್ನ ತಲೆಯ ಮೇಲೆ ಕೈಯಿಟ್ಟು, "ಅಳಬ್ಯಾಡ ಯವ್ವಾ," ಎಂದರು. "ನೀ ತಗದದ್ದು ಬರೇ ಸುಮ್ಕಿದ್ದ ಹೊತ್ತು. ಅದನ್ನ ಹಾಕಾಕ ಹಲ್ಲು ಬೇಕಾಗಂಗಿಲ್ಲ."

ಬಯ್ದಿದ್ದರೆ ನಾನು ಅದನ್ನು ಎಂದೋ ಮರೆತಿರುತ್ತಿದ್ದೆ. ಆ ಮಾತಿಗಾಗಿ ಅವರಿಗೆ ಎಷ್ಟು ಸಲ ಮನಸ್ಸಿನಲ್ಲಿ ಕೈಮುಗಿದಿದ್ದೇನೋ ಲೆಕ್ಕವಿಲ್ಲ.

ಮರುದಿನ ಮಧ್ಯಾಹ್ನ ಅವರು ಮತ್ತೆ ಮೊಣಕಾಲು ಹಿಡಿದು ಮೆಟ್ಟಿಲು ಹತ್ತಿದರು. ನಾನು ಹತ್ತೊಂಬತ್ತು ಸಾಲುಗಳನ್ನು ಬಿಡಿಸಿ ಬೇರೆಬೇರೆ ಇಟ್ಟಿದ್ದೆ, ಒಂದು ಗುಂಡಿ ಒತ್ತಿದರೆ ಒಂದು ಸಾಲು ಬರುವ ಹಾಗೆ. ಅದರ ಮೇಲೆ ಶಾವಂತ್ರವ್ವನ ಚಪ್ಪಾಳೆಯಿಂದ ತೆಗೆದ ಟ್ಯಾಂಕಿನ ಅಚ್ಚು. ಎಲ್ಲಿ ಎಷ್ಟು ಕಾಯಬೇಕೆಂದು ಅವರು ಹೇಳಬೇಕು. ಬಾಯಲ್ಲಿ ಹೇಳಿದರೆ ಕೇಳುವುದಕ್ಕೆ ಅಡ್ಡಿಯಾಗುತ್ತದೆಂದು ನನ್ನ ಕುರ್ಚಿಯ ಹಿಂದೆ ನಿಂತು ಎಡಹೆಗಲ ಮೇಲೆ ಒಂದು ಬೆರಳಿಟ್ಟರು.

ಬೆರಳು ತಟ್ಟಿತು. ನಾನು ಗುಂಡಿ ಒತ್ತಿದೆ. ಮೊದಲ ಸಾಲು ಟ್ಯಾಂಕಿನೊಳಗೆ ಹುಟ್ಟಿತು.

ಸಾಲು ಮೇಲೇರಿ, ಸುತ್ತಿ, ಇಳಿಯತೊಡಗಿತು. ಈಗ ತಟ್ಟುತ್ತಾರೆ ಎಂದುಕೊಂಡೆ, ತಟ್ಟಲಿಲ್ಲ. ಇನ್ನಷ್ಟು ಇಳಿಯಿತು. ಆಗ ತಟ್ಟಿದರು. ಎರಡನೆಯ ಸಾಲು ಮೊದಲನೆಯದರ ಕೊನೆಯ ಎಳೆಯನ್ನು ಹಿಡಿದುಕೊಂಡು ಬಂತು. ಮೂರನೆಯದಕ್ಕೆ ಬೇಗ ತಟ್ಟಿದರು, ಮೂರೂ ಒಂದರ ಮೇಲೊಂದು ನಿಂತವು. ಒಂದು ಕಡೆ ಮಾರ್ದನಿ ಪೂರ್ತಿ ಅಡಗಿದರೂ ಬೆರಳು ಅಲುಗಲಿಲ್ಲ. ಗಾಬರಿಯಾಗಿ ಹಿಂದಕ್ಕೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದರು, ತುಟಿಗಳು ಇಲ್ಲದ ಕ್ಲಾರಿನೆಟ್ಟನ್ನು ಹಿಡಿದಿದ್ದವು. ಏನೂ ಇಲ್ಲದ ಆ ಹೊತ್ತು ಎಷ್ಟು ತುಂಬಿಕೊಂಡಿತ್ತೆಂದರೆ ನನಗೆ ಉಸಿರಾಡಲೂ ಹೆದರಿಕೆಯಾಯಿತು. ಆಮೇಲೆ ಬೆರಳು ಮೆಲ್ಲಗೆ ಬಿತ್ತು, ಇಡೀ ಧಾಟಿಯಲ್ಲೇ ಸಣ್ಣ ಸಾಲು ಅದು, ನಾಲ್ಕೇ ಸ್ವರ. ನನ್ನ ಕಣ್ಣು ಈ ಸಲ ಸರಿಯಾದ ಕಾರಣಕ್ಕೆ ಒದ್ದೆಯಾದವು.

ಹತ್ತೊಂಬತ್ತನೆಯ ಸಾಲು ಹೋಯಿತು. ಅವರು ಬೆರಳು ಎತ್ತಿದರು, ಮತ್ತೆ ಇಡಲಿಲ್ಲ. ಇಬ್ಬರೂ ಕೇಳುತ್ತಲೇ ಇದ್ದೆವು. ಅವರು ಇನ್ನೊಂದು ಕೈಯ ಬೆರಳು ಮಡಚುತ್ತಿರುವುದು ಎದುರಿನ ಗಾಜಿನಲ್ಲಿ ಕಾಣುತ್ತಿತ್ತು. ಹತ್ತು, ಹನ್ನೊಂದು, ಹನ್ನೆರಡು.

"ಆತು," ಎಂದರು. "ಮುಚ್ಚಳಾ ಹಾಕು."

ಅವರು ಮುಂದೆ ಕಟ್ಟಿಸಿದ ಹಲ್ಲಿನಲ್ಲಿ ಬಹಳ ವರ್ಷ ಉಪ್ಪಿಟ್ಟು ತಿಂದರು, ನಮ್ಮ ಮನೆಯಲ್ಲೂ ತಿಂದರು. ಕ್ಲಾರಿನೆಟ್ ಮತ್ತೆ ಮುಟ್ಟಲಿಲ್ಲ, ಮುಟ್ಟಬೇಕೆಂದು ಅನ್ನಿಸುವುದೂ ಇಲ್ಲ ಎನ್ನುತ್ತಿದ್ದರು. ಆ ಧಾಟಿಯನ್ನು ಶಾವಂತ್ರವ್ವನಿಗೆ ಕೇಳಿಸಿದಾಗ ಅವಳು ಹಾಡಿನ ಬಗ್ಗೆ ಏನೂ ಹೇಳದೆ, "ನೀರಿನ ಟಾಕಿ ಸ್ವಚ್ಛ ಐತಿ," ಎಂದಳು. ನನ್ನ ಸಂಗ್ರಹದ ಇನ್ನೂರ ಹದಿಮೂರನೆಯ ಅಚ್ಚಿಗೆ ಅವಳದೇ ಹೆಸರು. ಕೇಳಿದವರಿಗೆಲ್ಲ ಕೊಟ್ಟಿದ್ದೇನೆ. ಎಷ್ಟು ಊರಿನ ಎಷ್ಟು ವಾದ್ಯಗಳು ಅವಳು ತೊಳೆದ ಟ್ಯಾಂಕಿನಲ್ಲಿ ನುಡಿಯುತ್ತಿವೆಯೋ ಗೊತ್ತಿಲ್ಲ.

ಇಬ್ಬರೂ ಈಗಿಲ್ಲ. ನಾನು ಇವತ್ತಿಗೂ ಹೊಸ ಜಾಗಕ್ಕೆ ಹೋದರೆ ನಡುವೆ ನಿಂತು ಒಂದು ಚಪ್ಪಾಳೆ ತಟ್ಟುತ್ತೇನೆ. ಸದ್ದು ಹೋಗುತ್ತದೆ, ಸುತ್ತುತ್ತದೆ, ಇಳಿಯುತ್ತದೆ. ಅದು ಅಡಗಿದ ಮೇಲೂ ನಾನು ಅಲ್ಲಾಡುವುದಿಲ್ಲ. ಎಡಹೆಗಲು ಇನ್ನೂ ಸ್ವಲ್ಪ ಹೊತ್ತು ಕಾಯುತ್ತಿರುತ್ತದೆ.